ಹಳೇ ಆಟೋಮ್ಯಾಟಿಕ್ ಹೋಂಡಾ ಸಿಟಿಗೆ ಗೇರ್ ಆಯಿಲ್: ಬದಲಿಸಿ, ಫ್ಲಶ್ ಬೇಡ

2010ರ ಹೋಂಡಾ ಸಿಟಿ ಆಟೋಮ್ಯಾಟಿಕ್, 1,10,000 ಕಿ.ಮೀ. ಓಡಿದೆ, ಗೇರ್‌ಬಾಕ್ಸ್ ಆಯಿಲ್ ಒಮ್ಮೆಯೂ ಬದಲಿಸಿಲ್ಲ, ಈಗ ಮುಟ್ಟಿದರೆ ಕೆಡುತ್ತೆ ಅಂತ ಮೆಕ್ಯಾನಿಕ್ ಹೆದರಿಸಿದ್ದಾರೆ ಅಂದಿರಿ. ಗೇರ್ ಸರಿಯಾಗಿ ಬೀಳುತ್ತಿದ್ದರೆ ಧೈರ್ಯವಾಗಿ ಬದಲಿಸಿ ಸರ್.

ಆ ಭಯಕ್ಕೂ ಕಾರಣ ಇದೆ. ಎಷ್ಟೋ ಜನ ಗೇರ್ ಜಾರೋಕೆ ಶುರುವಾದ ಮೇಲೆ ಆಯಿಲ್ ನೆನಪು ಮಾಡಿಕೊಳ್ಳುತ್ತಾರೆ, ಅಷ್ಟರಲ್ಲಿ ಒಳಗಿನ ಕ್ಲಚ್ ಪ್ಲೇಟ್ ಸವೆದಿರುತ್ತೆ, ಆಮೇಲೆ ಗೇರ್‌ಬಾಕ್ಸ್ ಹೋದರೆ ತಪ್ಪೆಲ್ಲ ಹೊಸ ಆಯಿಲ್ ಮೇಲೆ ಬರುತ್ತೆ.

ಮೊದಲು ಗೇರ್‌ಬಾಕ್ಸ್‌ನ ಡಿಪ್‌ಸ್ಟಿಕ್ (ಆಯಿಲ್ ನೋಡುವ ಕಡ್ಡಿ) ನೋಡಿ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಒಂದೂವರೆ ನಿಮಿಷದೊಳಗೆ ಎಳೆದು ಬಿಳಿ ಬಟ್ಟೆಗೆ ಒರೆಸಿ. ಕಂದು ಬಣ್ಣ ಇದ್ದರೆ ಪರವಾಗಿಲ್ಲ. ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಅಥವಾ ಡಿ (ಡ್ರೈವ್) ಹಾಕಿದಾಗ ಗಾಡಿ ತಡವಾಗಿ ಎಳೆದರೆ, ಮೊದಲು ಆಟೋಮ್ಯಾಟಿಕ್ ಕೆಲಸ ಬಲ್ಲವರಿಗೆ ತೋರಿಸಿ.

ಮಷೀನ್ ಫ್ಲಶ್, ಅಂದರೆ ಮಷೀನ್ ಹಚ್ಚಿ ಹಳೇ ಆಯಿಲ್ ಎಲ್ಲ ಒಮ್ಮೆಗೇ ತಳ್ಳಿಸೋದು, ಬೇಡವೇ ಬೇಡ. ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ತಾನಾಗಿ ಇಳಿದಷ್ಟು ಇಳಿಯಲಿ, ಸುಮಾರು 2.5 ಲೀಟರ್ ಬರುತ್ತೆ, ಉಳಿದದ್ದು ಟಾರ್ಕ್ ಕನ್ವರ್ಟರ್‌ನಲ್ಲೇ (ಎಂಜಿನ್ ಶಕ್ತಿಯನ್ನ ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುತ್ತೆ. ಇಳಿದಷ್ಟೇ ಹೊಸದು ಹಾಕಿ, ಸ್ವಲ್ಪ ದಿನ ಓಡಿಸಿ, ಇನ್ನೆರಡು ಸಲ ಹಾಗೇ ಮಾಡಿ. ಆ ಬೋಲ್ಟ್ ತುದಿಯ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಮೆತ್ತಿರುತ್ತೆ, ಅದು ಸಹಜ, ಒರೆಸಿದರೆ ಸಾಕು. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಮಾತ್ರ ಬಾಕ್ಸ್ ಬಿಚ್ಚಿ ನೋಡಲೇಬೇಕು. ಬೋಲ್ಟ್‌ನ ವಾಷರ್ ಹೊಸದೇ ಹಾಕಿಸಿ. ಆಯಿಲ್ ಹೋಂಡಾದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಡಿಡಬ್ಲ್ಯು-1 ತಗೊಳ್ಳಿ, ಎಲ್ಲ ಗಾಡಿಗೂ ಆಗುತ್ತೆ ಅಂತ ಅಂಗಡಿಯಲ್ಲಿ ಕೊಡೋದನ್ನ ಸುಮ್ನೆ ಹಾಕಿಸಬೇಡಿ.