ಮನೆಯ ಮರದ ನೆಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತೋಟದಲ್ಲಿದ್ದ ಸಾಗುವಾನಿ ಮರವನ್ನು ಕೊಯ್ಯಿಸಿ, ಎರಡು ವರ್ಷಗಳ ಹಿಂದೆ ಕಟ್ಟಿಸಿದ ಹೊಸ ಕೋಣೆಯ ಸಿಮೆಂಟ್ ನೆಲದ ಮೇಲೆ ನೇರವಾಗಿ ಹಲಗೆ ಹಾಸಿಸಿದ್ದೇವೆ. ಈ ಮಳೆಗಾಲದಲ್ಲಿ ಪ್ರತಿ ಹಲಗೆಯ ಎರಡು ಅಂಚುಗಳೂ ಮೇಲೆದ್ದು ನಡುಭಾಗ ತಗ್ಗಾಗಿದೆ. ಹಳೆಯ ಮನೆಯ ಉಪ್ಪರಿಗೆಯ ಹಲಗೆಗಳು ಅಜ್ಜನ ಕಾಲದಿಂದಲೂ ನೆಟ್ಟಗೆ ಇವೆ. ಕೀಸುಳಿ ಹೊಡೆದು ಸಮ ಮಾಡೋಣ ಎಂದು ಬಡಗಿ ಹೇಳುತ್ತಿದ್ದಾರೆ. ಏನು ಮಾಡಲಿ? (ತೀರ್ಥಹಳ್ಳಿ)

ಉತ್ತರ: ದಯವಿಟ್ಟು ಈಗಲೇ ಕೀಸುಳಿ ಹೊಡೆಸಬೇಡಿ. ಹಲಗೆಯ ಅಡಿಭಾಗ ಒದ್ದೆಯಾಗಿ ಹಿಗ್ಗಿ, ಮೇಲ್ಭಾಗ ಅದಕ್ಕಿಂತ ಒಣಗಿದ್ದಾಗ ಅಂಚುಗಳು ಹೀಗೆ ಮೇಲೇಳುತ್ತವೆ. ಎದ್ದ ಅಂಚನ್ನು ಇಂದು ಕೆತ್ತಿದರೆ, ಬೇಸಿಗೆಯಲ್ಲಿ ಹಲಗೆ ಒಣಗಿ ತನ್ನ ಸಹಜ ಆಕಾರಕ್ಕೆ ಮರಳಿದಾಗ ಕೆತ್ತಿದ ಅಂಚು ತಗ್ಗಾಗಿ ನಡುಭಾಗ ಉಬ್ಬಿ ನಿಲ್ಲುತ್ತದೆ; ಆಗ ಅದನ್ನು ಸರಿಪಡಿಸಲು ಇನ್ನಷ್ಟು ಮರವನ್ನು ಕಳೆದುಕೊಳ್ಳಬೇಕಾಗುತ್ತದೆ.

ಉಪ್ಪರಿಗೆಯ ಹಲಗೆಗಳಿಗೆ ಮೇಲೂ ಕೆಳಗೂ ಗಾಳಿಯಾಡುತ್ತದೆ. ಎರಡು ಮುಖಗಳೂ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುವುದರಿಂದ ಅವು ನೆಟ್ಟಗೆ ಉಳಿದಿವೆ. ನಿಮ್ಮ ಹೊಸ ಕೋಣೆಯ ಹಲಗೆಗಳಾದರೋ ಸಿಮೆಂಟಿಗೆ ಅಂಟಿಕೊಂಡಿವೆ. ಮಲೆನಾಡಿನ ನೆನೆದ ಮಣ್ಣಿನಿಂದ ತೇವವು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಏರಿ ಅವುಗಳ ಬೆನ್ನನ್ನೇ ಸೇರುತ್ತಿದೆ. ಒಂದು ಮೂಲೆಯ ಹಲಗೆಯನ್ನು ಬಿಚ್ಚಿ, ಒಣಗಿದಂತೆ ಕಾಣುವ ಸಿಮೆಂಟಿನ ಮೇಲೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ನಾಲ್ಕು ಅಂಚುಗಳನ್ನೂ ಟೇಪಿನಿಂದ ಮುಚ್ಚಿ. ಎರಡು ಮೂರು ದಿನಗಳ ನಂತರ ಹಾಳೆಯ ಅಡಿಯಲ್ಲಿ ಹನಿಗಳು ಕಂಡರೆ ಅಥವಾ ಸಿಮೆಂಟ್ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ ಎಂದು ತಿಳಿಯಬಹುದು. ಸೂರಿನ ನೀರು ಗೋಡೆಯ ಬುಡದಲ್ಲೇ ಬೀಳುತ್ತಿದೆಯೇ ಎಂಬುದನ್ನೂ ನೋಡಿ, ಇದ್ದರೆ ಮೊದಲು ಆ ನೀರನ್ನು ದೂರಕ್ಕೆ ಹರಿಯಬಿಡಿ.

ಜನವರಿ ಅಥವಾ ಫೆಬ್ರವರಿಯಲ್ಲಿ ಹಲಗೆಗಳಿಗೆ ಅಂಕಿ ಬರೆದು ಬಿಚ್ಚಿಸಿ, ನಡುವೆ ಕಡ್ಡಿಗಳನ್ನಿಟ್ಟು ನೆರಳಿನಲ್ಲಿ ಪೇರಿಸಿಡಿ. ಸಿಮೆಂಟಿನ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಿ, ಅದರ ಮೇಲೆ ಮರದ ರೀಪುಗಳನ್ನು ಕೂರಿಸಿ, ಹಲಗೆಗಳನ್ನು ಅವುಗಳಿಗೆ ಬಿಗಿಯಬೇಕು. ಗೋಡೆಯ ಬುಡದಲ್ಲಿ ಸುತ್ತಲೂ 10ರಿಂದ 12 ಮಿಲಿಮೀಟರ್ ಸಂದು ಬಿಟ್ಟರೆ ಮರ ಹಿಗ್ಗಲು ಜಾಗವಿರುತ್ತದೆ. ಅಂಚುಪಟ್ಟಿ ಆ ಸಂದನ್ನು ಮುಚ್ಚುತ್ತದೆ. ಹಲಗೆಗಳು ಪೂರ್ತಿ ಒಣಗಿದ ಮೇಲೂ ಏರುತಗ್ಗು ಉಳಿದಿದ್ದರೆ, ಆಗ ಬಡಗಿಯವರ ಕೀಸುಳಿಗೆ ಕೆಲಸವಿದೆ. ಮನೆಯ ತೋಟದಲ್ಲೇ ಬೆಳೆದ ಮರ ಮನೆಯ ನೆಲವಾಗಿ ಉಳಿಯುವುದು ದೊಡ್ಡ ಭಾಗ್ಯ. ಅದಕ್ಕಾಗಿ ಕೆಲವು ತಿಂಗಳು ಕಾಯಿರಿ ಎಂದು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನಾಲ್ಕನೆಯ ಮಹಡಿಯ ಫ್ಲಾಟಿನಲ್ಲಿ ಈಗಿರುವ ಟೈಲ್ಸ್ ಒಡೆಯದೆ ಮರದ ನೆಲ ಹಾಕಿಸಬೇಕೆಂದಿದ್ದೇವೆ. ಲ್ಯಾಮಿನೇಟ್, ಎಂಜಿನಿಯರ್ಡ್ ವುಡ್, ಅಪ್ಪಟ ತೇಗ, ಇವುಗಳಲ್ಲಿ ಯಾವುದು ಸೂಕ್ತ? ಅಡುಗೆಮನೆಗೂ ಹಾಕಿಸಬಹುದೇ? (ಬೆಂಗಳೂರು)

ಉತ್ತರ: ಲ್ಯಾಮಿನೇಟಿನ ಮೇಲೆ ಕಾಣುವುದು ಮರದ ಚಿತ್ರವಿರುವ ಕಾಗದ, ಅದರ ಕೆಳಗೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ ಇರುತ್ತದೆ. ಬೆಲೆ ಕಡಿಮೆ, ಗೀರುಗಳನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಕೂಡುಸಂದಿನೊಳಗೆ ನೀರು ಇಳಿದು ಅಂಚು ಒಮ್ಮೆ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ, ಉಜ್ಜಿ ಹೊಸದು ಮಾಡುವುದೂ ಸಾಧ್ಯವಿಲ್ಲ. ಅಪ್ಪಟ ತೇಗದ ಹಲಗೆಗೆ ರೀಪುಗಳು ಬೇಕಾಗುವುದರಿಂದ ನೆಲದ ಎತ್ತರ ಹೆಚ್ಚಿ ಬಾಗಿಲುಗಳನ್ನೆಲ್ಲ ಕತ್ತರಿಸಬೇಕಾದೀತು. ನಿಮ್ಮ ಮನೆಗೆ ಎಂಜಿನಿಯರ್ಡ್ ವುಡ್ ಸೂಕ್ತವೆಂಬುದು ನನ್ನ ಅಭಿಪ್ರಾಯ. ಅದರ ಮೇಲ್ಪದರ ನಿಜವಾದ ಮರ. ಕೆಳಗಿನ ಪದರಗಳನ್ನು ಒಂದಕ್ಕೊಂದು ಅಡ್ಡಲಾಗಿ ಅಂಟಿಸಿರುವುದರಿಂದ ಹಿಗ್ಗು ಕುಗ್ಗು ಕಡಿಮೆ. ಅಂಗಡಿಯಲ್ಲಿ ಒಟ್ಟು ದಪ್ಪವನ್ನು ಕೇಳಿ ಸುಮ್ಮನಾಗದೆ ಮೇಲ್ಪದರದ ದಪ್ಪವನ್ನು ಕೇಳಿ. ಅದು 3ರಿಂದ 4 ಮಿಲಿಮೀಟರ್ ಇದ್ದರೆ ಮುಂದೆ ಒಂದೆರಡು ಬಾರಿ ಉಜ್ಜಿ ಪಾಲಿಶ್ ಮಾಡಿಸಬಹುದು. ಒಂದು ಮಿಲಿಮೀಟರಿನಷ್ಟೇ ಇದ್ದರೆ ಆ ಅವಕಾಶವಿಲ್ಲ.

ಟೈಲ್ಸ್ ಗಟ್ಟಿಯಾಗಿ ಕೂತಿದ್ದು ನೆಲ ಸಮವಾಗಿದ್ದರೆ ಅದರ ಮೇಲೆಯೇ ಹಾಸಬಹುದು. ಪೆಟ್ಟಿಗೆಗಳನ್ನು ಎರಡು ಮೂರು ದಿನ ಮೊದಲೇ ತರಿಸಿ ಅದೇ ಕೋಣೆಯಲ್ಲಿಡಿ, ಮರ ಅಲ್ಲಿನ ಹವೆಗೆ ಹೊಂದಿಕೊಳ್ಳಲಿ. ಅಡುಗೆಮನೆಗೆ ಮಾತ್ರ ಬೇಡ: ನೀರು, ಎಣ್ಣೆ, ಅರಿಶಿನ ದಿನವೂ ಚೆಲ್ಲುವ ಜಾಗದಲ್ಲಿ ಟೈಲ್ಸೇ ಇರಲಿ.

ಪ್ರಶ್ನೆ: ಹಲಗೆಗಳಲ್ಲಿ ಸಣ್ಣ ತೂತುಗಳು ಬಿದ್ದು ಹಿಟ್ಟಿನಂಥ ಪುಡಿ ಉದುರುತ್ತಿದೆ. ಇದು ಗೆದ್ದಲೇ? (ಪುತ್ತೂರು)

ಉತ್ತರ: ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಬರುತ್ತದೆ. ನೀವು ವಿವರಿಸಿದ್ದು ಮರ ಕೊರೆಯುವ ದುಂಬಿಯ ಕೆಲಸ. ಅದು ಸಾಮಾನ್ಯವಾಗಿ ಮರದ ಹೊರಗಿನ ಬಿಳಿ ಭಾಗದಲ್ಲಿರುವ ಪಿಷ್ಟವನ್ನು ಅರಸಿ ಬರುತ್ತದೆ, ಒಳಗಿನ ಚೇಗಿಗೆ ಅಷ್ಟಾಗಿ ಹೋಗುವುದಿಲ್ಲ. ಬಿಳಿ ಭಾಗ ಹೆಚ್ಚಿರುವ ಹಲಗೆಗಳನ್ನು ಬದಲಿಸುವುದೇ ಒಳ್ಳೆಯದು. ಅಡಿಭಾಗಕ್ಕೂ ತೊಲೆಗಳಿಗೂ ನಿಮ್ಮ ಕಡೆಯವರು ಬಳಿಯುವ ಗೇರೆಣ್ಣೆ ಆದೀತು, ಆದರೆ ಅದು ತಗುಲಿದರೆ ಚರ್ಮ ಸುಟ್ಟು ಬೊಬ್ಬೆಯೇಳುವುದರಿಂದ ಕೈಗವಸು ಹಾಕಿಕೊಳ್ಳಲೇಬೇಕು.

ಪ್ರಶ್ನೆ: ನಮ್ಮ ಮನೆಯಲ್ಲಿ ಓಕ್ ಮರದ ನೆಲವಿದೆ. ಚಳಿಗಾಲದಲ್ಲಿ ಹಲಗೆಗಳ ನಡುವೆ ಸಂದು ಬಿಡುತ್ತದೆ. ಊರಿನಿಂದ ಬಂದಿರುವ ಅಮ್ಮನಿಗೆ ದಿನವೂ ನೆಲ ಒರೆಸಿ, ದೇವರ ಮುಂದೆ ರಂಗೋಲಿ ಹಾಕುವ ಅಭ್ಯಾಸ. ಇದರಿಂದ ನೆಲ ಕೆಡುವುದೇ? (ಮಿನ್ನೆಸೋಟ, ಅಮೆರಿಕ)

ಉತ್ತರ: ಹೀಟರಿನಿಂದ ಮನೆಯೊಳಗಿನ ಗಾಳಿ ಒಣಗಿ ಮರ ಕುಗ್ಗುತ್ತದೆ, ಬೇಸಿಗೆಯಲ್ಲಿ ಆ ಸಂದು ತಾನೇ ಮುಚ್ಚಿಕೊಳ್ಳುವುದರಿಂದ ಅದಕ್ಕೆ ಏನನ್ನೂ ತುಂಬಿಸಬೇಡಿ. ಹ್ಯುಮಿಡಿಫೈಯರ್ ಇಟ್ಟು ಗಾಳಿಯ ಆರ್ದ್ರತೆಯನ್ನು ಶೇ. 35ಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಸಂದು ಸಣ್ಣದಾಗುತ್ತದೆ.

ಅಮ್ಮನವರು ನೆಲ ಒರೆಸಲಿ, ಆದರೆ ಬಕೆಟ್ಟಿನ ನೀರು ಸುರಿಯದೆ, ಬಟ್ಟೆಯನ್ನು ಹನಿ ಬೀಳದಂತೆ ಹಿಂಡಿ, ಹಲಗೆಯ ಉದ್ದಕ್ಕೆ ಒರೆಸಲಿ. ಹಬೆಯ ಮಾಪ್ ಬೇಡವೇ ಬೇಡ, ವಿನಿಗರ್ ಕೂಡ ಪಾಲಿಶಿನ ಹೊಳಪನ್ನು ಮಂಕಾಗಿಸುತ್ತದೆ. ಅಂಗಡಿಯ ರಂಗೋಲಿ ಪುಡಿ ಕಲ್ಲಿನ ಪುಡಿಯಾಗಿದ್ದು, ಕಾಲಡಿಗೆ ಸಿಕ್ಕಾಗ ಉಪ್ಪುಕಾಗದದಂತೆ ಪಾಲಿಶನ್ನು ಗೀರುತ್ತದೆ. ದೇವರ ಮುಂದೆ ಒಂದು ಅಗಲವಾದ ಮಣೆಯನ್ನಿಟ್ಟು ಅದರ ಮೇಲೆ ಅಕ್ಕಿಹಿಟ್ಟಿನಲ್ಲಿ ರಂಗೋಲಿ ಹಾಕಿದರೆ ಅಮ್ಮನವರ ಅಭ್ಯಾಸವೂ ನಡೆಯುತ್ತದೆ, ನೆಲಕ್ಕೂ ಗಾಯವಾಗದು. ದೀಪದ ಕೆಳಗೆ ತಟ್ಟೆ ಇರಲಿ. ಕಬ್ಬಿಣದ ಪಾತ್ರೆಯನ್ನು ಒದ್ದೆ ನೆಲದ ಮೇಲೆ ಇಡಬೇಡಿ, ಓಕ್ ಮರದಲ್ಲಿರುವ ಟ್ಯಾನಿನ್ ನೀರು ಮತ್ತು ಕಬ್ಬಿಣದೊಡನೆ ಸೇರಿದರೆ ಉಜ್ಜಿದರೂ ಹೋಗದ ಕಪ್ಪು ಕಲೆ ಬೀಳುತ್ತದೆ.