ಅಮೆರಿಕದಲ್ಲಿ ಕಪ್ಪು ಹುಡುಗರಿಗಾಗಿ ಇರುವ ಸಂಸ್ಥೆಯೊಂದರಲ್ಲಿ ಗ್ರಾಂಟ್ ಅರ್ಜಿ ಬರೆಯುವ ಕೆಲಸ ಸಿಕ್ಕಿದೆ. ದೊಡ್ಡ ಫೌಂಡೇಶನ್‌ಗಳ ಟ್ರೆಂಡ್ ಈಗ ಹೇಗಿದೆ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊಟ್ಟೆ ಕಿವುಚಿದಂತಾಯಿತು. ನಾನೂ ಇದನ್ನೇ ಕೇಳಿಕೊಂಡು ಓಡಾಡುತ್ತಿದ್ದೆ. ಮೈಸೂರಿನಿಂದ ಬಂದವಳು, ಓಕ್‌ಲ್ಯಾಂಡ್‌ನ ಒಂದು ಪುಟ್ಟ ಸಂಸ್ಥೆಯಲ್ಲಿ ಇದೇ ಕೆಲಸಕ್ಕಿದ್ದೆ. ಶಾಲೆ ಬಿಟ್ಟ ಮೇಲೆ ಹುಡುಗರಿಗೆ ಪಾಠ, ಊಟ, ವ್ಯಾನಿನಲ್ಲಿ ಮನೆಗೆ ಬಿಡುವುದು. ಅಷ್ಟೇ.

2014ರ ಫೆಬ್ರವರಿಯಲ್ಲಿ ಒಬಾಮಾ ‘ಮೈ ಬ್ರದರ್ಸ್ ಕೀಪರ್’ ಶುರು ಮಾಡಿದರು, ಕಪ್ಪು ಹುಡುಗರಂಥವರಿಗೆ ಓದು, ಕೆಲಸದ ದಾರಿ ತೆರೆಯುವ ಯೋಜನೆ. ಫೌಂಡೇಶನ್‌ಗಳು ಸೇರಿ ಐದು ವರ್ಷಕ್ಕೆ 20 ಕೋಟಿ ಡಾಲರ್ ಅಂದವು. ಫೌಂಡೇಶನ್‌ಗಳು ಯಾರಿಗೆ ಎಷ್ಟು ಕೊಟ್ಟವು ಅಂತ ಲೆಕ್ಕ ಇಡುತ್ತಿದ್ದ ಫೌಂಡೇಶನ್ ಸೆಂಟರ್ ಪ್ರಕಾರ, ಕಪ್ಪು ಪುರುಷರು ಮತ್ತು ಹುಡುಗರಿಗೆಂದೇ ಹೆಸರು ಹೇಳಿ ಕೊಟ್ಟ ಹಣ 2003ರಲ್ಲಿ ಸುಮಾರು 1 ಕೋಟಿ ಡಾಲರ್ ಇದ್ದದ್ದು 2012ಕ್ಕೆ 6 ಕೋಟಿ ದಾಟಿತ್ತು. ಆ ಗ್ರಾಫನ್ನು ಪ್ರಿಂಟ್ ತೆಗೆದು ಮೇಜಿನ ಎದುರು ಅಂಟಿಸಿಕೊಂಡಿದ್ದೆ!

ಮರುವರ್ಷ ನಮಗೂ ದೊಡ್ಡ ಗ್ರಾಂಟ್ ಬಂತು, ಮೂರು ವರ್ಷಕ್ಕೆ. ತಪ್ಪು ಮಾಡಿದ್ದು ಆಗ.

ಅದಕ್ಕೂ ಮೊದಲು ಪ್ರತಿ ಅಕ್ಟೋಬರ್‌ನಲ್ಲಿ ಪಕ್ಕದ ಚರ್ಚಿನ ಹಾಲ್‌ನಲ್ಲಿ ಮೀನು ಕರಿದು ಮಾರುತ್ತಿದ್ದೆವು. ಬರುತ್ತಿದ್ದದ್ದು ಒಂಬತ್ತು ಸಾವಿರ ಡಾಲರ್. ಅಜ್ಜಿಯೊಬ್ಬರು ಲಕೋಟೆ ಮೇಲೆ ‘ಹುಡುಗರಿಗೆ’ ಅಂತ ನಡುಗುವ ಕೈಯಲ್ಲಿ ಬರೆದು ಒಳಗೆ 20 ಡಾಲರ್ ಇಡುತ್ತಿದ್ದರು. ಅಂಥವರ ಹೆಸರು, ವಿಳಾಸ ಒಂದು ಶೂ ಡಬ್ಬಿಯಲ್ಲಿದ್ದವು. ಅವರಿಗೆಲ್ಲ ಥ್ಯಾಂಕ್ಸ್ ಕಾಗದ ಬರೆಯಲು ಎರಡು ದಿನ ಬೇಕಿತ್ತು. ಅದೇ ಎರಡು ದಿನದಲ್ಲಿ ಲಕ್ಷ ಡಾಲರಿನ ರಿಪೋರ್ಟ್ ಬರೆಯಬಹುದಲ್ವಾ ಅನ್ನಿಸಿತು. ಮೀನೂಟ ನಿಲ್ಲಿಸಿದೆ. ಆಫೀಸ್ ಬದಲಿಸುವಾಗ ಡಬ್ಬಿ ಎಸೆದೆ. ನಾನೇ ಎಸೆದದ್ದು, ಬೇರೆ ಯಾರೂ ಅಲ್ಲ.

ಲೆಕ್ಕ ತಪ್ಪಿದ್ದು ಎಲ್ಲಿ ಗೊತ್ತಾ? ಒಂಬತ್ತು ಸಾವಿರ ಚಿಕ್ಕದು ಅಂದುಕೊಂಡೆ. ಆದರೆ ಅದನ್ನು ಏನಕ್ಕಾದರೂ ಖರ್ಚು ಮಾಡಬಹುದಿತ್ತು. ಗ್ರಾಂಟ್ ಹಣ ಟ್ಯಾಬ್ಲೆಟ್‌ಗೆ, ತರಬೇತಿಗೆ, ಸರ್ವೆಗೆ ಮಾತ್ರ. ವ್ಯಾನಿನ ಕ್ಲಚ್ ಹೋದಾಗ ಅದರಲ್ಲಿ ಒಂದು ಡಾಲರ್ ಮುಟ್ಟುವಂತಿರಲಿಲ್ಲ. ಆರು ವಾರ ಹುಡುಗರು ಕತ್ತಲಲ್ಲಿ ನಡೆದು ಮನೆಗೆ ಹೋದರು. ಕೊಠಡಿ ತುಂಬ ಹೊಸ ಟ್ಯಾಬ್ಲೆಟ್.

ಮೂರನೇ ವರ್ಷ ಫೌಂಡೇಶನ್ನಿನ ಅಧಿಕಾರಿ ಬದಲಾದರು. ‘ನಮ್ಮ ಆದ್ಯತೆ ಬದಲಾಗಿದೆ’ ಅಂತ ನಾಲ್ಕು ಸಾಲಿನ ಮೇಲ್ ಬಂತು. ಮತ್ತೆ ಚರ್ಚಿಗೆ ಹೋದೆ. ಅದೇ ಅಜ್ಜಿ ಸಿಕ್ಕರು. ಬೈಯಲಿಲ್ಲ. ‘ನಿಮಗೆ ದೊಡ್ಡವರು ಸಿಕ್ಕಿದ್ದಾರೆ ಅಂದುಕೊಂಡಿದ್ದೆವು’ ಅಂದರು, ಅಷ್ಟೇ.

ಹಾಗಾಗಿ ಟ್ರೆಂಡ್ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಕಪ್ಪು ಪುರುಷರು, ಹುಡುಗರಿಗಾಗಿ ದುಡಿಯುವ ಸಂಸ್ಥೆಗಳಿಗೆ ಬೆಂಬಲವಾಗಿದ್ದ ‘ಕ್ಯಾಂಪೇನ್ ಫಾರ್ ಬ್ಲ್ಯಾಕ್ ಮೇಲ್ ಅಚೀವ್‌ಮೆಂಟ್’ ನೋಡಿ. ಜಾರ್ಜ್ ಸೊರೋಸ್ ಅವರ ಓಪನ್ ಸೊಸೈಟಿ ಫೌಂಡೇಶನ್‌ನಲ್ಲಿ 2008ರಲ್ಲಿ ಹುಟ್ಟಿ, 2015ರಲ್ಲಿ ಸ್ವತಂತ್ರವಾದ ಅದು ಬಾಗಿಲು ಹಾಕಿದ್ದು 2020ರ ಕೊನೆಗೆ. ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಎಲ್ಲರೂ ಹಣ ಘೋಷಿಸುತ್ತಿದ್ದ ಅದೇ ವರ್ಷ! ಈಗಂತೂ ಗಾಳಿ ಉಲ್ಟಾ. ಕಪ್ಪು ಮಹಿಳೆಯರ ಉದ್ಯಮಗಳಿಗೆ ಗ್ರಾಂಟ್ ಕೊಡುತ್ತಿದ್ದ ಅಟ್ಲಾಂಟಾದ ಫಿಯರ್‌ಲೆಸ್ ಫಂಡ್, ಒಂದೇ ಜನಾಂಗಕ್ಕೆ ಕೊಡುವುದು ತಾರತಮ್ಯ ಅನ್ನುವ ಮೊಕದ್ದಮೆಯಲ್ಲಿ ಸಿಕ್ಕಿಕೊಂಡು, 2024ರಲ್ಲಿ ಆ ಗ್ರಾಂಟನ್ನೇ ಕೈಬಿಟ್ಟಿತು. ಅರ್ಜಿಯಿಂದ ‘ಕಪ್ಪು’ ಅನ್ನುವ ಪದ ತೆಗೆಯಿರಿ ಅಂತ ನಿಮಗೂ ಯಾರಾದರೂ ಹೇಳ್ತಾರೆ. ವಕೀಲರನ್ನು ಕೇಳದೆ ಸುಮ್ನೆ ಹೆದರಿ ತೆಗೆಯಬೇಡಿ.

ದೊಡ್ಡ ಗ್ರಾಂಟಿಗೆ ಅರ್ಜಿ ಹಾಕಬೇಡಿ ಅಂತಲ್ಲ. ಬಾಡಿಗೆ, ಸಂಬಳ, ರಿಪೇರಿಗೆ ಬಳಸಬಹುದಾ ಅಂತ ಮೊದಲ ಫೋನಿನಲ್ಲೇ ಕೇಳಿ. ಸಂಕೋಚ ಬೇಡ. ಆಮೇಲೆ 20 ಡಾಲರ್ ಕೊಡುವವರ ಪಟ್ಟಿ ನಿಮ್ಮ ಆಫೀಸಿನಲ್ಲಿ ಯಾರ ಹತ್ತಿರ ಇದೆ ಅಂತ ಹುಡುಕಿ. ಅರ್ಜಿಯ ಕೊನೇ ದಿನಾಂಕ ಯಾವುದೇ ಇರಲಿ, ಈ ವಾರ ಅವರಲ್ಲಿ ಹತ್ತು ಜನಕ್ಕೆ ಕೈಯಲ್ಲೇ ಕಾಗದ ಬರೆಯಿರಿ.