ಕ್ಯಾಪ್ಸೂಲಿಗೆ 25 ಮಿ.ಗ್ರಾಂ ಪುಡಿ ಸರಿಯಾಗಿ ತುಂಬುವುದು ಹೇಗೆ? ಮೆಷಿನ್ ಬದಲಿಸಲೇಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಹೊಸೂರು ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಂದು ಔಷಧಿ ಘಟಕಕ್ಕೆ ಹೊಸದಾಗಿ ಸೇರಿದ್ದೀರಿ. ಇನ್‌ಹೇಲರ್‌ಗೆ ಹಾಕುವ ಸೈಜ್ 3 ಕ್ಯಾಪ್ಸೂಲಿಗೆ 25 ಮಿ.ಗ್ರಾಂ ಪುಡಿ ತುಂಬಬೇಕು. ತೂಕ ಒಮ್ಮೆ 22 ಬರುತ್ತದೆ, ಒಮ್ಮೆ 28. ಡೋಸೇಟರ್ ಮೆಷಿನ್ (ಪಿಸ್ಟನ್ ಇರುವ ಟ್ಯೂಬುಗಳನ್ನು ಪುಡಿಯ ಪದರಕ್ಕೆ ಅದ್ದಿ, ಅಳತೆಯಷ್ಟು ಪುಡಿ ಎತ್ತಿ ಕ್ಯಾಪ್ಸೂಲಿಗೆ ಹಾಕುವುದು; ಆ ಒಂದೊಂದು ಟ್ಯೂಬೂ ಒಂದು ಡೋಸೇಟರ್) ಹಳೆಯದಾಯಿತು, ಹೊಸದು ತರಿಸಿ ಅಂತ ಮ್ಯಾನೇಜರ್‌ಗೆ ಹೇಳಲಾ ಅಂತ ಕೇಳಿದ್ದೀರಿ.

ಈಗಲೇ ಹೇಳಬೇಡಿ. ನಾನೂ ಇದೇ ಊರಲ್ಲಿ, ಇದೇ ಕೆಲಸದಲ್ಲಿ ಇದ್ದೇನೆ. ನೀವು ಬರೆದಿರುವುದರಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು: 'ತುಂಬಿದ ಕ್ಯಾಪ್ಸೂಲ್ ತೂಗಿ, ಖಾಲಿ ಕ್ಯಾಪ್ಸೂಲಿನ ಸರಾಸರಿ ತೂಕ ಕಳೆಯುತ್ತೇವೆ.' ಮೊದಲು ಅದನ್ನು ನಿಲ್ಲಿಸಿ.

ಸೈಜ್ 3 ಜೆಲಟಿನ್ ಕ್ಯಾಪ್ಸೂಲ್ ಖಾಲಿ ಇದ್ದಾಗ ಸುಮಾರು 48 ಮಿ.ಗ್ರಾಂ ತೂಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಎರಡು ಮೂರು ಮಿ.ಗ್ರಾಂ ಹೆಚ್ಚುಕಮ್ಮಿ ಇರುವುದು ಮಾಮೂಲು. 400 ಮಿ.ಗ್ರಾಂ ಆಂಟಿಬಯಾಟಿಕ್ ತುಂಬುವಾಗ ಈ 3 ಮಿ.ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ. 25 ಮಿ.ಗ್ರಾಂ ತುಂಬುವಾಗ ಅದು 12%. ಅಂದರೆ ನಿಮ್ಮ 22 ಮತ್ತು 28 ಎರಡೂ ಪೂರ್ತಿ ಕ್ಯಾಪ್ಸೂಲ್ ಚಿಪ್ಪಿನದೇ ಆಟ ಆಗಿರಬಹುದು. ಮೆಷಿನ್ ಪಾಪ, ಸರಿಯಾಗಿಯೇ ಹಾಕುತ್ತಿರಬಹುದು.

ಪುಡಿಯ ನಿಜವಾದ ತೂಕ ಹೀಗೆ ತೆಗೆಯಿರಿ. ಮೆಷಿನ್ ಮಾಮೂಲು ವೇಗದಲ್ಲಿ ಓಡುತ್ತಿರುವಾಗ ಪ್ರತಿ ಡೋಸೇಟರ್‌ನ ಕ್ಯಾಪ್ಸೂಲ್ ಬೇರೆ ಬೇರೆ ಎತ್ತಿಡಿ. ಒಂದೊಂದನ್ನೂ ತೂಗಿ. ತೆರೆದು, ಪುಡಿ ಸುರಿದು, ಒಳಗೆ ಅಂಟಿದ್ದನ್ನು ಸಣ್ಣ ಬ್ರಷ್‌ನಿಂದ ತೆಗೆದು, ಅದೇ ಚಿಪ್ಪನ್ನು ಮತ್ತೆ ತೂಗಿ. ವ್ಯತ್ಯಾಸವೇ ನಿಮ್ಮ ಫಿಲ್, ಅಂದರೆ ತುಂಬಿದ ಪುಡಿಯ ತೂಕ. ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ, ಅದು ಉಸಿರಾಟದ ಔಷಧಿ. 0.1 ಮಿ.ಗ್ರಾಂ ತೋರಿಸುವ ಬ್ಯಾಲೆನ್ಸ್ ಇಲ್ಲಿಗೆ ಸಾಲದು, 0.01 ತೋರಿಸುವುದು ಬೇಕು. ಎಸಿ ಗಾಳಿ ನೇರ ಅದರ ಮೇಲೆ ಬೀಳಬಾರದು.

ಇದರಲ್ಲೂ ಒಂದು ಸೂಕ್ಷ್ಮ ಇದೆ. ಜೆಲಟಿನ್ ಚಿಪ್ಪಿನಲ್ಲಿ 13ರಿಂದ 16% ನೀರು ಇರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಕಡೆ ಗಾಳಿ ಎಷ್ಟು ಒಣಗಿರುತ್ತದೆ ಅಂತ ನಿಮಗೂ ಗೊತ್ತಿರಬೇಕಲ್ವಾ? ರೂಮಿನ ತೇವಾಂಶ ಸರಿಯಾಗಿ ಹಿಡಿದಿಡದಿದ್ದರೆ ಚಿಪ್ಪು ಒಣಗುತ್ತಾ ಹೋಗುತ್ತದೆ. ನೀರು 15ರಿಂದ 13%ಗೆ ಇಳಿದರೆ ಸುಮಾರು 1 ಮಿ.ಗ್ರಾಂ ಹೋಯಿತು. ನಿಮ್ಮ ಫಿಲ್‌ನ 4% ಅದು! ಅದಕ್ಕೇ ಎರಡು ತೂಕದ ನಡುವೆ ಹೊತ್ತು ಹೋಗಬಾರದು. ಮುಟ್ಟದ ಕೆಲವು ಖಾಲಿ ಕ್ಯಾಪ್ಸೂಲುಗಳನ್ನೂ ಪಕ್ಕದಲ್ಲೇ ಇಟ್ಟು, ಮೊದಲು ಒಮ್ಮೆ, ಕೊನೆಗೊಮ್ಮೆ ತೂಗಿ. ಅವು ಎಷ್ಟು ಬದಲಾದವು ಅಂತ ನೋಡಿದರೆ ಗಾಳಿಯ ಪಾಲು ಎಷ್ಟು ಅಂತ ಸಿಕ್ಕಿಬಿಡುತ್ತದೆ. ಎಚ್‌ಪಿಎಂಸಿ (ಸೆಲ್ಯುಲೋಸ್‌ನಿಂದ ಮಾಡಿದ) ಕ್ಯಾಪ್ಸೂಲ್ ಆದರೆ ನೀರಿನ ಅಂಶ ತುಂಬಾ ಕಡಿಮೆ, ಈ ತಲೆನೋವೂ ಕಡಿಮೆ.

ಈ ತೂಕಗಳ ಪಟ್ಟಿ ಕೈಗೆ ಬಂದ ಮೇಲೆ ಮೆಷಿನ್ ಕಡೆ ಹೋಗಿ. ಒಂದೇ ಡೋಸೇಟರ್ ಯಾವಾಗಲೂ ಕಡಿಮೆ ಹಾಕುತ್ತಿದ್ದರೆ ಅದರ ಪಿಸ್ಟನ್ ಸೆಟ್ಟಿಂಗ್ ಇಲ್ಲವೇ ತುದಿ ಸವೆದಿರುವುದು ನೋಡಿ. ಎಲ್ಲವೂ ಒಟ್ಟಿಗೆ ಏರಿ ಇಳಿಯುತ್ತಿದ್ದರೆ ಸಮಸ್ಯೆ ಪುಡಿಯ ಪದರದ್ದು.

ಡೋಸೇಟರ್ ಟ್ಯೂಬಿನ ಒಳವ್ಯಾಸ ಎಷ್ಟಿದೆ? ಇದನ್ನು ನೀವು ಬರೆದಿಲ್ಲ, ಆದರೆ ಬಹಳ ಮುಖ್ಯ. ಲೆಕ್ಕ ಹಾಕೋಣ. ಪುಡಿಯ ಸಾಂದ್ರತೆ ಮಿ.ಲೀ.ಗೆ 0.6 ಗ್ರಾಂ ಅಂತ ಇಟ್ಟುಕೊಂಡರೆ 25 ಮಿ.ಗ್ರಾಂಗೆ ಸುಮಾರು 42 ಘನ ಮಿ.ಮೀ. ಜಾಗ ಬೇಕು. ಟ್ಯೂಬ್ 5 ಮಿ.ಮೀ. ಅಗಲದ್ದಾದರೆ ಚೇಂಬರಿನ (ಟ್ಯೂಬಿನಲ್ಲಿ ಪಿಸ್ಟನ್ ಕೆಳಗೆ ಪುಡಿ ತುಂಬುವ ಜಾಗ) ಎತ್ತರ ಬರೀ 2.1 ಮಿ.ಮೀ. ಪಿಸ್ಟನ್ 0.1 ಮಿ.ಮೀ. ಆಚೀಚೆ ಆದರೆ ಹತ್ತಿರಹತ್ತಿರ 5% ಹೋಯಿತು. ಅದೇ 3.4 ಮಿ.ಮೀ. ಟ್ಯೂಬ್ ಹಾಕಿದರೆ ಎತ್ತರ 4.6 ಮಿ.ಮೀ. ಆಗುತ್ತದೆ, ಅದೇ 0.1 ಮಿ.ಮೀ.ಗೆ ತಪ್ಪುವುದು 2% ಚಿಲ್ಲರೆ. ಎಷ್ಟೋ ಕಡೆ ದೊಡ್ಡ ಡೋಸ್‌ಗೆ ಹಾಕಿದ್ದ ಟ್ಯೂಬನ್ನೇ ಸುಮ್ನೆ ಮುಂದುವರಿಸುತ್ತಾರೆ. ಹಾಗಂತ ತೀರಾ ಸಣ್ಣದೂ ಬೇಡ, ಪುಡಿ ಬಾಯಲ್ಲೇ ಕಮಾನು ಕಟ್ಟಿ ಒಳಗೆ ಹೋಗುವುದಿಲ್ಲ.

ಪುಡಿಯ ಪದರದ ಎತ್ತರ ಚೇಂಬರಿನ ಎತ್ತರಕ್ಕೆ ಎರಡರಷ್ಟು ಇಟ್ಟು ಶುರು ಮಾಡಿ. ತೂಕ ಕಡಿಮೆ ಬಂತು ಅಂತ ಒತ್ತಡ ಜಾಸ್ತಿ ಮಾಡಬೇಡಿ. ಮಾಮೂಲಿ ಕ್ಯಾಪ್ಸೂಲಿನಲ್ಲಿ ಅದು ನಡೆಯುತ್ತದೆ. ಇಲ್ಲಿ ರೋಗಿ ಉಸಿರೆಳೆದಾಗ ಪುಡಿ ಚದುರಬೇಕು. ಗಟ್ಟಿಯಾಗಿ ಒತ್ತಿದ ಗುಳಿಗೆ ಗಂಟಲಲ್ಲೇ ಉಳಿಯುತ್ತದೆ, ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ತೂಕ ಸರಿ ಇದ್ದೂ ಔಷಧಿ ಕೆಲಸ ಮಾಡದಿದ್ದರೆ ಏನು ಬಂತು?

ಇನ್ನೊಂದು ಗಮನಿಸಿ. ಮೆಷಿನ್ ನಿಂತು ಮತ್ತೆ ಶುರುವಾದಾಗ, ಊಟದ ಬಿಡುವಾದ ಮೇಲೆ, ಶಿಫ್ಟ್ ಬದಲಾದಾಗ ಏನಾಗುತ್ತದೆ? ನಿಂತಿದ್ದ ಪದರ ಅಕ್ಕಪಕ್ಕದ ಅದುರಿಗೆ ಕುಸಿದು ಬಿಗಿಯಾಗಿರುತ್ತದೆ, ಮೊದಲ ಕ್ಯಾಪ್ಸೂಲುಗಳು ಭಾರ ಬರುತ್ತವೆ. ಅವನ್ನು ಬೇರೆ ತೆಗೆಯುವ ನಿಯಮ ಇರಲಿ. ಹಾಪರ್‌ನಲ್ಲಿ (ಮೆಷಿನ್‌ಗೆ ಪುಡಿ ಸುರಿಯುವ ಡಬ್ಬ) ಪುಡಿಯ ಮಟ್ಟ ಎಲ್ಲಿಗೆ ಇಳಿಯಬಾರದು ಅಂತ ಗೆರೆ ಹಾಕಿಸಿ. ನಮ್ಮಲ್ಲಿ ಒಂದು ಶಿಫ್ಟಿನಲ್ಲೇ ಡೆಂಕಣಿಕೋಟೆ ಕಡೆಯ ಕನ್ನಡದವರು, ತಮಿಳಿನವರು, ತೆಲುಗಿನವರು ಎಲ್ಲ ಇರುತ್ತಾರೆ. ಈ ಸೂಚನೆ ಮೂರು ಭಾಷೆಯಲ್ಲೂ ಮೆಷಿನ್ ಪಕ್ಕ ಇರಬೇಕು. ಇಂಗ್ಲಿಷ್ ಎಸ್‌ಒಪಿ (ಕೆಲಸದ ಲಿಖಿತ ವಿಧಾನ) ಫೈಲಿನೊಳಗೆ ಇದ್ದರೆ ರಾತ್ರಿ ಪಾಳಿಗೆ ಪ್ರಯೋಜನ ಇಲ್ಲ.

ತೂಕ ಸರಿಹೋದ ಮಾತ್ರಕ್ಕೆ ಡೋಸ್ ಸರಿ ಅಂತಲ್ಲ. ಆಸ್ತಮಾ ಔಷಧಿ ಫಾರ್ಮೊಟೆರಾಲ್ ಉದಾಹರಣೆ ನೋಡಿ: 25 ಮಿ.ಗ್ರಾಂ ಲ್ಯಾಕ್ಟೋಸ್‌ನಲ್ಲಿ ಔಷಧಿ ಇರುವುದು 12 ಮೈಕ್ರೊಗ್ರಾಂ, ಅಂದರೆ 0.05%ಕ್ಕೂ ಕಡಿಮೆ. ಅದು ಒಂದು ಕಡೆ ಸೇರಿಕೊಂಡರೂ ಯಾವ ತಕ್ಕಡಿಗೂ ಗೊತ್ತಾಗುವುದಿಲ್ಲ. ಬ್ಯಾಚಿನ ಮೊದಲು, ನಡು, ಕೊನೆಯ ಕ್ಯಾಪ್ಸೂಲುಗಳನ್ನು ಒಂದೊಂದಾಗಿ ಎಚ್‌ಪಿಎಲ್‌ಸಿಗೆ (ಔಷಧಿಯ ಪ್ರಮಾಣ ಅಳೆಯುವ ಲ್ಯಾಬ್ ಪರೀಕ್ಷೆ) ಕಳಿಸಲೇಬೇಕು. ಪುಡಿ ರವೆಯ ಹಾಗೆ ಸುರಿಯುವುದು ನೋಡಲು ಚೆನ್ನ, ಆದರೆ ಜಾಸ್ತಿ ಅದುರಿಸಿದರೆ ಲ್ಯಾಕ್ಟೋಸ್‌ಗೆ ಅಂಟಿದ ಔಷಧಿ ಕಳಚಿಕೊಳ್ಳಬಹುದು. ವೈಬ್ರೇಟರ್ ಕೈಗೆ ಸಿಕ್ಕಿತು ಅಂತ ತಿರುಗಿಸುತ್ತಾ ಹೋಗಬೇಡಿ.

ಈಗ ಮೆಷಿನ್ ಮಾತು. 25 ಮಿ.ಗ್ರಾಂಗೆ ಒಳ್ಳೆಯ ಸ್ಥಿತಿಯಲ್ಲಿರುವ ಡೋಸೇಟರ್ ಸಾಕು ಅಂತಲೇ ನನ್ನ ಅಭಿಪ್ರಾಯ. ಟಿಯೊಟ್ರೋಪಿಯಂ (ಇದೂ ಉಸಿರಾಟದ ಔಷಧಿ) ಥರ ಕ್ಯಾಪ್ಸೂಲಿಗೆ 5.5 ಮಿ.ಗ್ರಾಂ ಮಾತ್ರ ತುಂಬುವ ಉತ್ಪನ್ನ ಮುಂದೆ ಬರುವುದಿದ್ದರೆ ವ್ಯಾಕ್ಯೂಮ್ ಡ್ರಮ್ ಮೆಷಿನ್ ಕೇಳಿ. ಅದರಲ್ಲಿ ಡ್ರಮ್ಮಿನ ಸಣ್ಣ ಕುಳಿಯೊಳಗೆ ನಿರ್ವಾತದಿಂದ ಪುಡಿ ಎಳೆದು, ಮೇಲಿನದನ್ನು ಬ್ಲೇಡಿನಿಂದ ಸವರಿ, ಗಾಳಿ ಊದಿ ಕ್ಯಾಪ್ಸೂಲಿಗೆ ಇಳಿಸುತ್ತಾರೆ. ಒತ್ತುವ ಕೆಲಸ ಇಲ್ಲ. ಕುಳಿಯ ತಳದ ಜಾಲರಿ ಕಟ್ಟಿಕೊಂಡರೆ ಮಾತ್ರ ತೂಕ ಮೆಲ್ಲಗೆ ಇಳಿಯುತ್ತದೆ, ಅದನ್ನು ಕಾಯುತ್ತಿರಬೇಕು. ಮಾರುವವರ ಹತ್ತಿರ ಹೋಗುವಾಗ ನಿಮ್ಮದೇ ಪುಡಿ, ನಿಮ್ಮದೇ ಕ್ಯಾಪ್ಸೂಲ್ ಒಯ್ಯಿರಿ. ಖಾಲಿ ತೂಕ, ತುಂಬಿದ ತೂಕ ಎರಡನ್ನೂ ಒಂದೊಂದು ಕ್ಯಾಪ್ಸೂಲಿಗೂ ಬೇರೆ ಬೇರೆ ಬರೆದು ಕೊಡಿ ಅಂತ ಕೇಳಿ. ಸರಾಸರಿ ಮಾತ್ರ ತೋರಿಸಿದರೆ ಆ ಟ್ರಯಲ್ ಒಪ್ಪಬೇಡಿ.